ಮಲಿನವಾದ ಒಣ ಮಣ್ಣು ಮತ್ತು ಬ್ಯಾಕ್ಟೀರಿಯಾಗಳ ಜೀನ್ ಕೊಡುಕೊಳ್ಳುವಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಪೀಣ್ಯ, ರಾಜಾಜಿನಗರ, ಮೈಸೂರು ರಸ್ತೆಯ ಕಡೆಯ ಬಡಾವಣೆಗಳಲ್ಲಿ ಮಣ್ಣಿನ ಬಗ್ಗೆ ಮಾತನಾಡಲು ಕರೆದಾಗ ಹೋಗುತ್ತೇನೆ. ಮಾತು ಮುಗಿದ ಮೇಲೆ ಚೀಟಿಯಲ್ಲಿ ಬರೆದುಕೊಡುವ ಪ್ರಶ್ನೆಗಳು, ಆಮೇಲೆ ಫೋನಿನಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. "ಬ್ಯಾಕ್ಟೀರಿಯಾಗಳಿಗೆ ವಿಷ ತಿನ್ನುವ ಜೀನ್ ಕೊಟ್ಟರೆ ಮಣ್ಣು ಶುದ್ಧವಾಗುತ್ತದಂತೆ, ಹೌದೇ?" ಎಂಬುದು ಅವುಗಳಲ್ಲಿ ಮೊದಲನೆಯದು. ಬರಿಯ ಹೌದು ಎಂದರೂ ತಪ್ಪು, ಬರಿಯ ಇಲ್ಲ ಎಂದರೂ ತಪ್ಪು. ಅದಕ್ಕಾಗಿ ಉತ್ತರಗಳನ್ನು ಇಲ್ಲಿ ಸಾವಕಾಶವಾಗಿ ಬರೆದಿಟ್ಟಿದ್ದೇನೆ.

ಈ ವಿಧಾನ ಎಂದರೆ ಏನು?

ಎಣ್ಣೆ, ಕೀಟನಾಶಕ, ಕಳೆನಾಶಕ, ಕಾರ್ಖಾನೆಯ ದ್ರಾವಕ ಇಂಥವನ್ನು ಒಡೆದು ಆಹಾರ ಮಾಡಿಕೊಳ್ಳುವ ಶಕ್ತಿ ಕೆಲವು ಬ್ಯಾಕ್ಟೀರಿಯಾಗಳಿಗೆ ಇದೆ. ಆ ಶಕ್ತಿಯ ಗುಟ್ಟು ಅವುಗಳ ಜೀನ್‌ಗಳಲ್ಲಿದೆ. ಅಂಥ ಜೀನ್ ಹೊತ್ತ ಬ್ಯಾಕ್ಟೀರಿಯಾವನ್ನು ಕೆಟ್ಟ ಮಣ್ಣಿಗೆ ಬಿಟ್ಟು, ಅಲ್ಲಿಯೇ ತಲೆತಲಾಂತರದಿಂದ ಬದುಕಿರುವ ಬ್ಯಾಕ್ಟೀರಿಯಾಗಳಿಗೆ ಆ ಜೀನ್ ದಾಟುವಂತೆ ಮಾಡುವುದು ಈ ವಿಧಾನ.

ಹಾಲಿಗೆ ಹೆಪ್ಪು ಹಾಕಿದಂತೆಯೇ ಎಂದು ಹಲವರು ಕೇಳುತ್ತಾರೆ. ಸ್ವಲ್ಪ ಬೇರೆ. ಹೆಪ್ಪು ಹಾಕಿದಾಗ ಹೆಪ್ಪಿನ ಬ್ಯಾಕ್ಟೀರಿಯಾವೇ ಹಾಲಿನ ತುಂಬ ಬೆಳೆಯುತ್ತದೆ. ಇಲ್ಲಿ ಹೊರಗಿನಿಂದ ಬಂದ ಬ್ಯಾಕ್ಟೀರಿಯಾ ನಾಲ್ಕು ದಿನದ ನೆಂಟ. ಮದುವೆಗೆ ಬಂದ ಚಿಕ್ಕಮ್ಮ ಸಾರಿನ ಪುಡಿಯ ಅಳತೆ ಹೇಳಿಕೊಟ್ಟು ಊರಿಗೆ ಹೊರಟುಹೋದ ಹಾಗೆ. ಮುಂದೆ ಪುಡಿ ಮಾಡುವ ಕೈಗಳು ಮನೆಯವರವೇ.

ಬ್ಯಾಕ್ಟೀರಿಯಾಗಳು ಒಂದಕ್ಕೊಂದು ಜೀನ್ ಕೊಡುವುದು ಹೇಗೆ?

ನಮ್ಮಲ್ಲಿ ಜೀನ್ ಹರಿಯುವುದು ತಂದೆತಾಯಿಯಿಂದ ಮಕ್ಕಳಿಗೆ, ಮೇಲಿನಿಂದ ಕೆಳಕ್ಕೆ. ಬ್ಯಾಕ್ಟೀರಿಯಾಗಳಲ್ಲಿ ಅದು ಅಕ್ಕಪಕ್ಕಕ್ಕೂ ಹರಿಯುತ್ತದೆ. 1928ರಲ್ಲಿ ಫ್ರೆಡರಿಕ್ ಗ್ರಿಫಿತ್ ಎಂಬ ಬ್ರಿಟಿಷ್ ವೈದ್ಯ, ಸತ್ತ ಬ್ಯಾಕ್ಟೀರಿಯಾದ ಗುಣ ಬದುಕಿರುವ ಬ್ಯಾಕ್ಟೀರಿಯಾಕ್ಕೆ ಬಂದುಬಿಡುವುದನ್ನು ಕಂಡರು. 1946ರಲ್ಲಿ ಜೋಶುವಾ ಲೆಡರ್‌ಬರ್ಗ್ ಮತ್ತು ಎಡ್ವರ್ಡ್ ಟೇಟಮ್, ಬ್ಯಾಕ್ಟೀರಿಯಾಗಳು ತಮ್ಮತಮ್ಮಲ್ಲಿ ಜೀನ್ ವಿನಿಮಯ ಮಾಡಿಕೊಳ್ಳುತ್ತವೆ ಎಂದು ತೋರಿಸಿದರು. ಅದಕ್ಕೆ ಅವು ಒಂದನ್ನೊಂದು ಮುಟ್ಟಿಕೊಳ್ಳಬೇಕು ಎಂಬುದು ಆಮೇಲೆ ಖಚಿತವಾಯಿತು. 1952ರಲ್ಲಿ ಲೆಡರ್‌ಬರ್ಗ್ ಮತ್ತು ನಾರ್ಟನ್ ಜಿಂಡರ್, ಬ್ಯಾಕ್ಟೀರಿಯಾಗಳಿಗೆ ಸೋಂಕು ತರುವ ವೈರಸ್‌ಗಳೂ ಜೀನ್ ಹೊತ್ತೊಯ್ಯುತ್ತವೆ ಎಂದು ಕಂಡುಹಿಡಿದರು.

ಮಣ್ಣಿನ ಶುದ್ಧೀಕರಣದಲ್ಲಿ ನಾವು ಹೆಚ್ಚಾಗಿ ನೆಚ್ಚುವುದು ಎರಡನೆಯದನ್ನು, ಅಂದರೆ ಮುಟ್ಟಿ ದಾಟಿಸುವುದನ್ನು. ಬ್ಯಾಕ್ಟೀರಿಯಾದ ಮುಖ್ಯ ಜೀನ್‌ಮಾಲೆಯ ಹೊರಗೆ, ಬಳೆಯ ಆಕಾರದ ಪುಟ್ಟ ಡಿಎನ್‌ಎ ತುಂಡುಗಳು ಇರುತ್ತವೆ. ಅವುಗಳ ಹೆಸರು ಪ್ಲಾಸ್ಮಿಡ್. ಒಂದು ಬ್ಯಾಕ್ಟೀರಿಯಾ ನೂಲಿನಂಥ ಎಳೆಯೊಂದನ್ನು ಚಾಚಿ ಪಕ್ಕದ್ದನ್ನು ಹತ್ತಿರಕ್ಕೆ ಎಳೆದುಕೊಂಡು ಪ್ಲಾಸ್ಮಿಡ್ಡಿನ ಒಂದು ಪ್ರತಿಯನ್ನು ಅದಕ್ಕೆ ದಾಟಿಸುತ್ತದೆ. ಮೂಲ ಪ್ರತಿ ತನ್ನಲ್ಲಿಯೇ ಉಳಿಯುತ್ತದೆ. ದೀಪದಿಂದ ದೀಪ ಹಚ್ಚಿದರೆ ಮೊದಲಿನ ದೀಪ ಆರುವುದಿಲ್ಲವಲ್ಲ, ಹಾಗೆ.

ಟಾಲ್ವೀನ್ (ಬಣ್ಣದ ತಿನ್ನರ್‌ನಲ್ಲಿರುವ ದ್ರಾವಕ) ತಿನ್ನುವ ಜೀನ್‌ಗಳು, ನ್ಯಾಫ್ತಲೀನ್ (ನುಸಿಗುಳಿಗೆಯಲ್ಲಿರುವ ವಸ್ತು) ತಿನ್ನುವ ಜೀನ್‌ಗಳು, 2,4-ಡಿ ಎಂಬ ಕಳೆನಾಶಕವನ್ನು ತಿನ್ನುವ ಜೀನ್‌ಗಳು ಇಂಥ ಪ್ಲಾಸ್ಮಿಡ್‌ಗಳ ಮೇಲೆ ಕುಳಿತಿರುವುದು ದಶಕಗಳಿಂದ ತಿಳಿದಿದೆ.

ವಿಷ ತಿನ್ನುವ ಬ್ಯಾಕ್ಟೀರಿಯಾವನ್ನೇ ಡ್ರಮ್ಮುಗಟ್ಟಲೆ ಬೆಳೆಸಿ ಸುರಿದರೆ ಸಾಲದೇ?

ಕೆಲವು ಕಡೆ ಸಾಕಾಗುತ್ತದೆ. ನಮ್ಮ ದೇಶದಲ್ಲಿಯೇ ಟೆರಿ ಸಂಸ್ಥೆ ರೂಪಿಸಿದ ಆಯಿಲ್‌ಝ್ಯಾಪರ್ ಎಂಬ ಬ್ಯಾಕ್ಟೀರಿಯಾ ಮಿಶ್ರಣವನ್ನು ತೈಲ ಕಂಪನಿಗಳ ಕೆಸರು ಶುದ್ಧಿ ಮಾಡಲು ಬಳಸಿದ್ದಾರೆ. ಅವು ಪ್ರಕೃತಿಯಲ್ಲಿ ಸಿಕ್ಕ ಬ್ಯಾಕ್ಟೀರಿಯಾಗಳು. ಅಲ್ಲಿ ಎಣ್ಣೆ ಯಥೇಚ್ಛ, ಎಂದರೆ ಆಹಾರ ಯಥೇಚ್ಛ.

ಆದರೆ ಸಾಮಾನ್ಯ ಮಣ್ಣಿನಲ್ಲಿ, ಅದರಲ್ಲೂ ಒಣ ಮಣ್ಣಿನಲ್ಲಿ, ಹೊರಗಿನಿಂದ ತಂದವು ಬೇಗ ಸಾಯುತ್ತವೆ. ಒಂದು ಗ್ರಾಂ ಮಣ್ಣಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳು ಮೊದಲೇ ಜಾಗ ಹಿಡಿದು ಕುಳಿತಿವೆ. ಬ್ಯಾಕ್ಟೀರಿಯಾವನ್ನೇ ತಿನ್ನುವ ಏಕಕೋಶ ಜೀವಿಗಳಿವೆ. ಪ್ರಯೋಗಾಲಯದ ಬೆಚ್ಚನೆಯ ಸಾರಿನಲ್ಲಿ ಬೆಳೆದವಕ್ಕೆ ಬೇಸಿಗೆಯ ಕೆಂಪುಮಣ್ಣು ಒಗ್ಗುವುದಿಲ್ಲ.

ಅಮೆರಿಕದ ಅರಿಜೋನಾ ಮರುಭೂಮಿಯ ಸೀಮೆ. ಅಲ್ಲಿನ ವಿಶ್ವವಿದ್ಯಾಲಯದ ಸಂಶೋಧಕರು 2000ದಲ್ಲಿ ಪ್ರಕಟಿಸಿದ ಪ್ರಯೋಗವೊಂದು ನನಗೆ ಅಚ್ಚುಮೆಚ್ಚು. 2,4-ಡಿ ಬೆರೆಸಿದ ಮಣ್ಣಿಗೆ ಪಿಜೆಪಿ4 ಎಂಬ ಪ್ಲಾಸ್ಮಿಡ್ ಹೊತ್ತ ಎರಡು ಬಗೆಯ ಬ್ಯಾಕ್ಟೀರಿಯಾಗಳನ್ನು ಬೇರೆ ಬೇರೆಯಾಗಿ ಬಿಟ್ಟರು. ಒಂದು ತಾನೇ ಆ ಕಳೆನಾಶಕವನ್ನು ಪೂರ್ತಿ ತಿನ್ನಬಲ್ಲದು. ಇನ್ನೊಂದು ಕರುಳಿನಲ್ಲಿ ಬದುಕುವ ಇ. ಕೋಲಿ. ಅದಕ್ಕೆ ಪೂರ್ತಿ ತಿನ್ನುವ ಶಕ್ತಿ ಇಲ್ಲ, ಮಣ್ಣಿನಲ್ಲಿ ಹೆಚ್ಚು ದಿನ ಬದುಕುವುದೂ ಇಲ್ಲ. ಮೊದಲ ಸುತ್ತಿನಲ್ಲಿ ತಿನ್ನಬಲ್ಲದ್ದೇ ಗೆದ್ದಿತು. ಆದರೆ ಇ. ಕೋಲಿ ಸಾಯುವ ಮೊದಲು ತನ್ನ ಪ್ಲಾಸ್ಮಿಡ್ಡನ್ನು ಸ್ಥಳೀಯ ಬ್ಯಾಕ್ಟೀರಿಯಾಗಳಿಗೆ ಧಾರಾಳವಾಗಿ ಹಂಚಿತ್ತು. ಎರಡನೆಯ ಬಾರಿ 2,4-ಡಿ ಹಾಕಿದಾಗ ಆ ಮಣ್ಣೇ ಚುರುಕಾಗಿ ಕೆಲಸ ಮಾಡಿತು.

2,4-ಡಿ ನಮಗೆ ದೂರದ ಹೆಸರಲ್ಲ. ರಾಗಿ ಹೊಲದಲ್ಲಿ ಅಗಲ ಎಲೆಯ ಕಳೆಗೆ ಹೊಡೆಯುವ ಔಷಧಿ ಅದೇ.

ಇದು ಪ್ರಯೋಗಾಲಯದ ಆಟವೇ? ಪ್ರಕೃತಿಯಲ್ಲಿ ತಾನಾಗಿಯೇ ನಡೆದದ್ದು ಇದೆಯೇ?

ಇದೆ, ಅದೂ ನಮ್ಮ ದೇಶದಲ್ಲಿಯೇ. ಲಿಂಡೇನ್ ಎಂಬ ಕೀಟನಾಶಕ ಬಳಕೆಗೆ ಬಂದದ್ದು 1940ರ ದಶಕದಲ್ಲಿ. ಅದಕ್ಕೆ ಮೊದಲು ಯಾವ ಬ್ಯಾಕ್ಟೀರಿಯಾವೂ ಅಷ್ಟು ಪ್ರಮಾಣದ ಲಿಂಡೇನನ್ನು ಕಂಡಿರಲಿಲ್ಲ. ಒಂದು ಟನ್ ಲಿಂಡೇನ್ ತಯಾರಿಸಿದರೆ, ಕೆಲಸಕ್ಕೆ ಬಾರದ ಅದರ ಸೋದರ ರಾಸಾಯನಿಕಗಳು 8ರಿಂದ 12 ಟನ್ ಉಳಿಯುತ್ತವೆ. ಲಖನೌ ಬಳಿ ಅಂಥ ರಾಶಿಗಳು ಬಯಲಿನಲ್ಲಿ ಬಿದ್ದವು.

ಉತ್ತರ ಭಾರತದ ಕಬ್ಬಿನ ಬೇರಿನ ಮಣ್ಣಿನಿಂದ ತೆಗೆದ ಒಂದು ಬ್ಯಾಕ್ಟೀರಿಯಾ ಈ ವಿಷವನ್ನು ತಿನ್ನುವುದು ಗೊತ್ತಾಯಿತು. ಈಗ ಅದರ ಹೆಸರು ಸ್ಫಿಂಗೋಬಿಯಮ್ ಇಂಡಿಕಮ್. ದೆಹಲಿ ವಿಶ್ವವಿದ್ಯಾಲಯದಲ್ಲಿ ರೂಪ್ ಲಾಲ್ ಮತ್ತು ಅವರ ಸಂಗಡಿಗರು ಇದರ ಮೇಲೆ ವರ್ಷಗಟ್ಟಲೆ ದುಡಿದಿದ್ದಾರೆ. ಕೆಲಸ ಮಾಡುವ ಜೀನ್‌ಗಳ ಗುಂಪಿಗೆ ಲಿನ್ ಎಂದು ಹೆಸರು. ಜಪಾನಿನ ಬ್ಯಾಕ್ಟೀರಿಯಾದಲ್ಲಿಯೂ ಭಾರತದ್ದರಲ್ಲಿಯೂ ಈ ಜೀನ್‌ಗಳು ಹೆಚ್ಚುಕಡಿಮೆ ಒಂದೇ. ಅವುಗಳ ಅಕ್ಕಪಕ್ಕದಲ್ಲಿ, ಜಿಗಿದು ಜಾಗ ಬದಲಿಸುವ ಡಿಎನ್‌ಎ ತುಂಡುಗಳ ಗುರುತು ಇದೆ. ಕೆಲವು ಪ್ಲಾಸ್ಮಿಡ್‌ಗಳ ಮೇಲೆಯೇ ಇವೆ. ಹೊಸ ವಿಷ ಬಂದ ಕೆಲವೇ ದಶಕಗಳಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ತಿನ್ನುವ ವಿದ್ಯೆಯನ್ನು ಕಟ್ಟಿಕೊಂಡು, ಒಂದರಿಂದ ಒಂದಕ್ಕೆ ಹಂಚಿಕೊಂಡವು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಭಾರತದಲ್ಲಿ ಲಿಂಡೇನ್ ಬಳಕೆ ನಿಷೇಧವಾದದ್ದು 2013ರಲ್ಲಿ. ಹಳೆಯ ರಾಶಿ ಇನ್ನೂ ಕರಗಿಲ್ಲ. ಜೀನ್ ಇದ್ದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ ಎಂಬುದನ್ನೂ ಅದೇ ರಾಶಿ ಹೇಳುತ್ತದೆ.

ಒಣ ಮಣ್ಣಿನಲ್ಲಿ ಜೀನ್ ದಾಟುತ್ತದೆಯೇ?

ಇಡೀ ವಿಷಯದ ಜೀವ ಇರುವುದು ಈ ಪ್ರಶ್ನೆಯಲ್ಲಿ. ಸ್ವಲ್ಪ ದೀರ್ಘವಾಗಿಯೇ ಹೇಳುತ್ತೇನೆ.

ಮಣ್ಣಿನ ಕಣಗಳ ಸುತ್ತ ನೀರು ತೆಳ್ಳನೆಯ ಪೊರೆಯಾಗಿ ಅಂಟಿಕೊಂಡಿರುತ್ತದೆ. ಬ್ಯಾಕ್ಟೀರಿಯಾ ಬದುಕುವುದು ಆ ಪೊರೆಯೊಳಗೆ. ಬ್ಯಾಕ್ಟೀರಿಯಾದ ಗಾತ್ರ ಸುಮಾರು ಒಂದು ಮೈಕ್ರೊಮೀಟರ್, ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಮಳೆ ನಿಂತು ಮಣ್ಣು ಆರತೊಡಗಿದರೆ ಪೊರೆ ಅದಕ್ಕಿಂತಲೂ ತೆಳ್ಳಗಾಗುತ್ತದೆ. ಈಜಲು ನೀರಿಲ್ಲದ ಮೇಲೆ ಓಡಾಟವೂ ಇಲ್ಲ. ಗಿಡದ ಎಲೆ ಬಾಡುವುದಕ್ಕೆ ಬಹಳ ಮೊದಲೇ ಬ್ಯಾಕ್ಟೀರಿಯಾದ ಈಜು ನಿಂತುಹೋಗಿರುತ್ತದೆ. ಒಂದನ್ನೊಂದು ಮುಟ್ಟದೆ ಪ್ಲಾಸ್ಮಿಡ್ ದಾಟದು. ಆದ್ದರಿಂದ ಮಣ್ಣು ಒಣಗಿದಷ್ಟೂ ಜೀನ್ ದಾಟುವುದು ಕಡಿಮೆಯಾಗುತ್ತದೆ ಎಂದು ಎಣಿಸುವುದು ಸಹಜ.

2018ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಿಂದ ಬಂದ ಅಧ್ಯಯನ ಈ ಎಣಿಕೆಯನ್ನು ತಲೆಕೆಳಗು ಮಾಡಿತು. ಟಾಲ್ವೀನ್ ತಿನ್ನುವ ಪ್ಲಾಸ್ಮಿಡ್ ಹೊತ್ತ ಬ್ಯಾಕ್ಟೀರಿಯಾಗಳನ್ನು ಮಣ್ಣಿನಂಥ ರಂಧ್ರಗಳ ಮೇಲ್ಮೈಯಲ್ಲಿ ಬಿಟ್ಟು, ತೇವವನ್ನು ಹೆಚ್ಚು ಕಡಿಮೆ ಮಾಡಿ ನೋಡಿದರು. ತೇವ ಕಡಿಮೆಯಾದಾಗ ಜೀನ್ ದಾಟುವುದು ಹೆಚ್ಚಾಯಿತು. ಬೇಸಿಗೆಯಲ್ಲಿ ಕೆರೆ ಬತ್ತುತ್ತಾ ಬಂದಾಗ ಮೀನುಗಳೆಲ್ಲ ಉಳಿದ ಗುಂಡಿಯಲ್ಲಿ ಒತ್ತಾಗುವುದನ್ನು ಕಂಡಿದ್ದೀರಲ್ಲ, ಇಲ್ಲಿಯೂ ಅದೇ. ನೀರು ಸಂದುಗೊಂದಿನ ಮೂಲೆಗಳಿಗೆ ಸರಿದಾಗ ಬ್ಯಾಕ್ಟೀರಿಯಾಗಳೂ ಅಲ್ಲಿಗೆ ಸೇರಿ ಮೈಗೆ ಮೈ ತಾಗಿಸಿಕೊಂಡು ಹೆಚ್ಚು ಹೊತ್ತು ಇರುತ್ತವೆ. ನೆರೆಹೊರೆ ಹತ್ತಿರವಾಗುತ್ತದೆ.

ಹಾಗಾದರೆ ಒಣಗಿದಷ್ಟೂ ಒಳ್ಳೆಯದೇ? ಅಲ್ಲ. ತೀರಾ ಒಣಗಿದರೆ ಬ್ಯಾಕ್ಟೀರಿಯಾ ನಿದ್ದೆಗೆ ಜಾರುತ್ತದೆ. ಟ್ರೆಹಲೋಸ್ ಎಂಬ ಸಕ್ಕರೆಯನ್ನು ಮೈಯೊಳಗೆ ತುಂಬಿಕೊಂಡು, ಲೋಳೆಯ ಹೊದಿಕೆ ಹೊದ್ದು, ಕೆಲವು ಬೀಜಾಣುವಾಗಿ ಮುದುಡಿಕೊಂಡು ಕಾಯುತ್ತವೆ. ನಿದ್ದೆಯಲ್ಲಿ ಕೊಡುವುದೂ ಇಲ್ಲ, ಕೊಳ್ಳುವುದೂ ಇಲ್ಲ, ವಿಷ ತಿನ್ನುವುದಂತೂ ಇಲ್ಲವೇ ಇಲ್ಲ.

ಮತ್ತೆ ಮಳೆ ಬಿದ್ದಾಗ ಏನಾಗುತ್ತದೆ ಎಂಬುದು ಎಲ್ಲಕ್ಕಿಂತ ಸೊಗಸು. ಭರಣಿ ಮಳೆಯ ಮೊದಲ ಹನಿಗೆ ಏಳುವ ಮಣ್ಣಿನ ವಾಸನೆ ಇದೆಯಲ್ಲ, ಅದರಲ್ಲಿ ಜಿಯೋಸ್ಮಿನ್ ಎಂಬ ವಸ್ತು ಇದೆ. ಅದನ್ನು ತಯಾರಿಸುವುದು ಸ್ಟ್ರೆಪ್ಟೊಮೈಸಿಸ್ ಮೊದಲಾದ ಬ್ಯಾಕ್ಟೀರಿಯಾಗಳು, ಒಣಗಲು ಹೆದರದ ಜಾತಿ. ಅದೇ ಹೊತ್ತಿಗೆ ಮಣ್ಣಿನಿಂದ ಇಂಗಾಲದ ಡೈ ಆಕ್ಸೈಡ್ ಭರ್ರನೆ ಹೊರಬರುತ್ತದೆ. ಪೂರ್ವ ಆಫ್ರಿಕಾದ ಮಣ್ಣಿನಲ್ಲಿ 1950ರ ದಶಕದಲ್ಲಿ ಇದನ್ನು ವಿವರವಾಗಿ ಅಳೆದ ಬರ್ಚ್ ಎಂಬ ವಿಜ್ಞಾನಿಯ ಹೆಸರೇ ಆ ಉಸಿರಿಗೆ ನಿಂತಿದೆ. ಎಚ್ಚೆತ್ತ ಬ್ಯಾಕ್ಟೀರಿಯಾಗಳು ಸತ್ತ ನೆರೆಯವರನ್ನೂ ಒಣಗಿದ ಜೈವಿಕ ಪದಾರ್ಥವನ್ನೂ ಗಬಗಬನೆ ತಿನ್ನುತ್ತಿರುವ ಸದ್ದಿಲ್ಲದ ಹಬ್ಬ ಅದು. ಗುಂಪುಗೂಡಿದ್ದಾಗ ಪಡೆದ ಜೀನ್ ಈಗ ಮಣ್ಣಿನ ತುಂಬ ಹರಡುವ ಅವಕಾಶ ಪಡೆಯುತ್ತದೆ.

ಇನ್ನೊಂದು ದಾರಿ ಶಿಲೀಂಧ್ರಗಳದು. ಅವುಗಳ ಎಳೆಗಳು ಒಣ ಸಂದುಗಳನ್ನೂ ದಾಟಿ ಹಬ್ಬುತ್ತವೆ. ಎಳೆಯ ಮೈಮೇಲಿನ ತೇವದ ಪೊರೆಯ ಮೇಲೆ ಬ್ಯಾಕ್ಟೀರಿಯಾಗಳು ಸಾಗುತ್ತವೆ, ಅಲ್ಲಿಯೇ ಜೀನ್ ಕೊಡುಕೊಳ್ಳುವಿಕೆ ಹೆಚ್ಚು ನಡೆಯುವುದನ್ನು ಪ್ರಯೋಗಗಳಲ್ಲಿ ಕಂಡಿದ್ದಾರೆ. ಗಿಡದ ಬೇರಿನ ಸುತ್ತಲೂ ಹಾಗೆಯೇ. ಬೇರು ಒಸರುವ ಸಕ್ಕರೆ, ಆಮ್ಲಗಳು ಬ್ಯಾಕ್ಟೀರಿಯಾಗಳನ್ನು ಒಂದೆಡೆ ಸೇರಿಸುತ್ತವೆ.

ಇಷ್ಟನ್ನೂ ನಮ್ಮ ರೈತರು ಒಂದೇ ಮಾತಿನಲ್ಲಿ ಹೇಳುತ್ತಾರೆ: ಹದ. ಕೆಸರೂ ಅಲ್ಲ, ಧೂಳೂ ಅಲ್ಲ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬೆರಳಿನಿಂದ ತಟ್ಟಿದರೆ ಪುಡಿಯಾಗಬೇಕು. ಜೀನ್ ತರುವ ಮೊದಲು ಆ ಹದ ತರದಿದ್ದರೆ ದುಡ್ಡೂ ಶ್ರಮವೂ ವ್ಯರ್ಥ ಎಂಬುದು ನನ್ನ ದೃಢ ಅಭಿಪ್ರಾಯ.

ಬೆಂಗಳೂರಿನಲ್ಲಿ ಮಳೆ ಚೆನ್ನಾಗಿಯೇ ಬರುತ್ತದೆ. ನಮ್ಮದನ್ನು ಒಣ ಮಣ್ಣು ಎನ್ನಬಹುದೇ?

ವರ್ಷಕ್ಕೆ 900ರಿಂದ 1,000 ಮಿಲಿಮೀಟರ್ ಆಸುಪಾಸು ಬರುತ್ತದೆ, ನಿಜ. ಆದರೆ ಅದರ ಬಹುಪಾಲು ಮೇ ತಿಂಗಳಿನಿಂದ ಅಕ್ಟೋಬರಿನ ಒಳಗೆ. ಜನವರಿಯಿಂದ ಮಾರ್ಚ್‌ವರೆಗೆ ಆಕಾಶ ಬರಿದು. ನಮ್ಮ ಕೆಂಪುಮಣ್ಣು ನೀರನ್ನು ಬೇಗ ಬಸಿದುಬಿಡುತ್ತದೆ. ಕಪ್ಪು ಎರೆಮಣ್ಣಿನಂತೆ ಹಿಡಿದಿಟ್ಟುಕೊಳ್ಳುವುದಿಲ್ಲ. ಸಾವಯವ ಇಂಗಾಲವೂ ಕಡಿಮೆ, ಹಲವೆಡೆ ಶೇಕಡ ಅರ್ಧವೂ ಇರುವುದಿಲ್ಲ. ಕಾರ್ಖಾನೆಯ ಹಿತ್ತಲಿನಲ್ಲಿ ಲಾರಿ ಓಡಾಡಿ ಗಟ್ಟಿಯಾದ ನೆಲವಾದರೆ ಮಳೆಗಾಲದಲ್ಲಿಯೂ ನಾಲ್ಕು ಬೆರಳು ಕೆಳಗೆ ಒಣಗಿಯೇ ಇರುತ್ತದೆ. ನಾನೇ ಗುದ್ದಲಿ ಹಾಕಿ ನೋಡಿದ್ದೇನೆ.

ಒದ್ದೆ, ಒಣ, ಮತ್ತೆ ಒದ್ದೆ ಎಂಬ ನಮ್ಮ ಹವೆಯ ಈ ತಾಳ ಜೀನ್ ದಾಟಲು ಅನುಕೂಲವೇ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಒಣ ದಿನಗಳು ಇನ್ನೂ ಹೆಚ್ಚು. ಅಲ್ಲಿ ನೀರು ಕೊಡುವ ಏರ್ಪಾಡಿಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು.

ಪೀಣ್ಯದ ಕ್ರೋಮಿಯಂ ಇದರಿಂದ ಹೋಗುತ್ತದೆಯೇ?

ಹೋಗುವುದಿಲ್ಲ. ಆದರೆ ವಿಷದ ಹಲ್ಲು ಕಿತ್ತು ಕೂರಿಸಬಹುದು.

ಎಣ್ಣೆ, ಕೀಟನಾಶಕಗಳು ಇಂಗಾಲದ ಸಂಯುಕ್ತಗಳು. ಅವನ್ನು ಒಡೆದರೆ ಕೊನೆಗೆ ನೀರು, ಇಂಗಾಲದ ಡೈ ಆಕ್ಸೈಡ್ ಮತ್ತು ಕೆಲವು ಲವಣಗಳು ಉಳಿಯುತ್ತವೆ. ಕ್ರೋಮಿಯಂ, ಸೀಸ, ಕ್ಯಾಡ್ಮಿಯಂ ಧಾತುಗಳು. ಧಾತುವನ್ನು ಯಾವ ಬ್ಯಾಕ್ಟೀರಿಯಾವೂ ಒಡೆಯಲಾರದು. ಎಲೆಕ್ಟ್ರೋಪ್ಲೇಟಿಂಗ್ (ವಿದ್ಯುತ್ತಿನಿಂದ ಲೋಹದ ಲೇಪ ಕೊಡುವ) ಘಟಕಗಳಿಂದ ಬರುವ ಹೆಕ್ಸಾವೇಲೆಂಟ್ ಕ್ರೋಮಿಯಂ ನೀರಿನಲ್ಲಿ ಸುಲಭವಾಗಿ ಕರಗಿ ಕೊಳವೆಬಾವಿಯವರೆಗೆ ಇಳಿಯುತ್ತದೆ, ಕ್ಯಾನ್ಸರ್‌ಕಾರಕವೂ ಹೌದು. ಪೀಣ್ಯದ ಅಂತರ್ಜಲದಲ್ಲಿ ಅದು ಸಿಕ್ಕಿದೆ. ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದು ಎಂಬುದು ನಮ್ಮ ದೇಶದ ಮಾನದಂಡ.

ಹಲವು ಬ್ಯಾಕ್ಟೀರಿಯಾಗಳು ಇದನ್ನು ಟ್ರೈವೇಲೆಂಟ್ ಕ್ರೋಮಿಯಂ ಆಗಿ ಬದಲಿಸುತ್ತವೆ. ಅದು ಅಷ್ಟಾಗಿ ಕರಗದು, ಮಣ್ಣಿಗೆ ಅಂಟಿಕೊಂಡು ನಿಲ್ಲುತ್ತದೆ, ವಿಷವೂ ಬಹಳ ಕಡಿಮೆ. ಕ್ರೋಮೇಟ್ (ಹೆಕ್ಸಾವೇಲೆಂಟ್ ಕ್ರೋಮಿಯಂ ಇರುವ ಲವಣರೂಪ) ತಡೆದುಕೊಳ್ಳುವ ಜೀನ್‌ಗಳು ಪ್ಲಾಸ್ಮಿಡ್‌ಗಳ ಮೇಲೆ ಇರುವುದೂ ಉಂಟು. ಬೆಲ್ಜಿಯಂನ ಸತು ಕಾರ್ಖಾನೆಯೊಂದರಲ್ಲಿ ಸಿಕ್ಕ ಕುಪ್ರಿಯಾವಿಡಸ್ ಮೆಟಲಿಡುರನ್ಸ್ ಎಂಬ ಬ್ಯಾಕ್ಟೀರಿಯಾದಲ್ಲಿ ಲೋಹಗಳನ್ನು ತಡೆದುಕೊಳ್ಳುವ ಜೀನ್ ಹೊತ್ತ ಎರಡು ದೊಡ್ಡ ಪ್ಲಾಸ್ಮಿಡ್‌ಗಳಿವೆ. ಆದರೆ ತಡೆದುಕೊಳ್ಳುವುದು ಬೇರೆ, ಬದಲಿಸುವುದು ಬೇರೆ. ಎಷ್ಟೋ ಬ್ಯಾಕ್ಟೀರಿಯಾಗಳು ಒಳಬಂದ ಕ್ರೋಮೇಟನ್ನು ಹೊರಕ್ಕೆ ತಳ್ಳಿ ತಾವು ಬದುಕಿಕೊಳ್ಳುತ್ತವೆ, ಅಷ್ಟೇ. ಅದರಿಂದ ಮಣ್ಣಿಗೆ ಏನೂ ಲಾಭವಿಲ್ಲ.

ಇನ್ನೊಂದು ಎಚ್ಚರ. ಮಣ್ಣಿನಲ್ಲಿರುವ ಮ್ಯಾಂಗನೀಸ್ ಆಕ್ಸೈಡ್ ಟ್ರೈವೇಲೆಂಟ್ ಕ್ರೋಮಿಯಮ್ಮನ್ನು ಮತ್ತೆ ಹಳೆಯ ವಿಷರೂಪಕ್ಕೆ ತಿರುಗಿಸಬಲ್ಲದು. ಆದ್ದರಿಂದ ಒಮ್ಮೆ ಶುದ್ಧಿ ಮಾಡಿ ಕೈತೊಳೆದುಕೊಳ್ಳುವಂತಿಲ್ಲ, ವರ್ಷವರ್ಷವೂ ಪರೀಕ್ಷೆ ಮಾಡುತ್ತಿರಬೇಕು. ಎಲ್ಲಕ್ಕಿಂತ ಮೊದಲು ಹೊಸ ತ್ಯಾಜ್ಯ ಬೀಳುವುದು ನಿಲ್ಲಬೇಕು. ನಲ್ಲಿ ತೆರೆದಿಟ್ಟು ನೆಲ ಒರೆಸುವುದು ಕೆಲಸವಲ್ಲ.

ಪ್ಲಾಸ್ಟಿಕ್?

ಕಸದ ರಾಶಿಯ ಪ್ಲಾಸ್ಟಿಕ್ಕಿಗೆ ಈ ವಿಧಾನವನ್ನು ನೆಚ್ಚಬೇಡಿ. ಪಾಲಿಥೀನ್ ಚೀಲವನ್ನು ಹೊಲದಲ್ಲಿ ಕರಗಿಸುವ ಜೀನ್ ಯಾರ ಕೈಯಲ್ಲಿಯೂ ಸಿದ್ಧವಾಗಿಲ್ಲ.

ಇದನ್ನು ಬಯಲಿನಲ್ಲಿ ಯಾರಾದರೂ ಮಾಡಿ ನೋಡಿದ್ದಾರೆಯೇ?

ತಳಿ ಮಾರ್ಪಡಿಸಿದ ಬ್ಯಾಕ್ಟೀರಿಯಾವನ್ನು ಮಣ್ಣು ಶುದ್ಧಿಗಾಗಿ ಬಯಲಿಗೆ ಬಿಟ್ಟ ಅಮೆರಿಕದ ಮೊದಲ ಪ್ರಯೋಗ 1996ರಲ್ಲಿ ಅಲ್ಲಿನ ಓಕ್ ರಿಡ್ಜ್ ಪ್ರಯೋಗಾಲಯದಲ್ಲಿ ನಡೆಯಿತು. ನ್ಯಾಫ್ತಲೀನ್ ತಿನ್ನುವ ಪ್ಲಾಸ್ಮಿಡ್ಡಿಗೆ ಬೆಳಕು ಸೂಸುವ ಜೀನ್‌ಗಳನ್ನು ಸೇರಿಸಿದ್ದರು. ಬ್ಯಾಕ್ಟೀರಿಯಾ ಕೆಲಸ ಮಾಡುವಾಗ ಮಿನುಗುತ್ತಿತ್ತು. ಅದನ್ನು ಬಿಟ್ಟದ್ದು ತೆರೆದ ಹೊಲಕ್ಕಲ್ಲ, ನೆಲದಲ್ಲಿ ಹೂತ ದೊಡ್ಡ ತೊಟ್ಟಿಗಳಿಗೆ.

ನಮ್ಮವರೇ ಆದ ಆನಂದ ಮೋಹನ ಚಕ್ರವರ್ತಿಯವರ ಹೆಸರು ಇಲ್ಲಿ ಹೇಳಲೇಬೇಕು. ಬಂಗಾಳದಲ್ಲಿ ಹುಟ್ಟಿ ಅಮೆರಿಕದಲ್ಲಿ ದುಡಿದ ಅವರು, 1970ರ ದಶಕದ ಆರಂಭದಲ್ಲಿ ಹಲವು ಪ್ಲಾಸ್ಮಿಡ್‌ಗಳನ್ನು ಒಂದೇ ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾದೊಳಗೆ ಸೇರಿಸಿ ಕಚ್ಚಾತೈಲದ ಹಲವು ಅಂಶಗಳನ್ನು ತಿನ್ನುವಂತೆ ಮಾಡಿದರು. ಜೀವಿಯೊಂದಕ್ಕೆ ಪೇಟೆಂಟ್ ಕೊಡಬಹುದೇ ಎಂಬ ಪ್ರಶ್ನೆ ಅಲ್ಲಿನ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1980ರಲ್ಲಿ ಐವರು ನ್ಯಾಯಮೂರ್ತಿಗಳು ಪರವಾಗಿ, ನಾಲ್ವರು ವಿರುದ್ಧವಾಗಿ ತೀರ್ಪಿತ್ತರು. ಜಗತ್ತಿನ ಜೈವಿಕ ತಂತ್ರಜ್ಞಾನ ಉದ್ಯಮಕ್ಕೆ ಆ ತೀರ್ಪು ಬಾಗಿಲು ತೆರೆಯಿತು. ಆದರೆ ಆ ಬ್ಯಾಕ್ಟೀರಿಯಾವನ್ನು ಸಮುದ್ರದಲ್ಲಿ ಚೆಲ್ಲಿದ ತೈಲದ ಮೇಲೆ ಎಂದೂ ಬಳಸಲಿಲ್ಲ.

ಸ್ಥಳೀಯ ಬ್ಯಾಕ್ಟೀರಿಯಾಗಳಿಗೆ ಜೀನ್ ದಾಟಿಸುವ ಬಹುಪಾಲು ಕೆಲಸ ಇಂದಿಗೂ ಕುಂಡದ, ಸೀಸೆಯ, ತೊಟ್ಟಿಯ ಮಟ್ಟದಲ್ಲಿದೆ. ಇದನ್ನು ಮುಚ್ಚಿಟ್ಟು ಆಸೆ ಹುಟ್ಟಿಸುವುದು ನನಗೆ ಒಪ್ಪಿಗೆಯಲ್ಲ.

ಜೀನ್ ಹೀಗೆ ಹರಡಿದರೆ ಅಪಾಯವಿಲ್ಲವೇ?

ಇದೆ. ಪ್ಲಾಸ್ಮಿಡ್ಡಿಗೆ ಒಳ್ಳೆಯದು ಕೆಟ್ಟದ್ದು ತಿಳಿಯದು. ವಿಷ ತಿನ್ನುವ ಜೀನ್ ಹೊತ್ತ ಅದೇ ಪ್ಲಾಸ್ಮಿಡ್ ಆ್ಯಂಟಿಬಯಾಟಿಕ್‌ಗೆ ಬಗ್ಗದ ಜೀನನ್ನೂ ಹೊತ್ತಿರಬಹುದು. ಲೋಹ ತಡೆಯುವ ಜೀನ್‌ಗಳ ಜೊತೆ ಔಷಧಿ ತಡೆಯುವ ಜೀನ್‌ಗಳು ಒಂದೇ ತುಂಡಿನಲ್ಲಿ ಇರುವುದು ಸಾಮಾನ್ಯ. ಲೋಹದಿಂದ ಮಲಿನವಾದ ಮಣ್ಣಿನಲ್ಲಿ, ಯಾವ ಮಾತ್ರೆಯೂ ಬೀಳದಿದ್ದರೂ, ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳು ಹೆಚ್ಚಬಹುದು. ಆದ್ದರಿಂದ ಪ್ಲಾಸ್ಮಿಡ್ಡಿನ ಪ್ರತಿ ಅಕ್ಷರವನ್ನೂ ಓದಿ ನೋಡದೆ ಬಯಲಿಗೆ ಬಿಡಬಾರದು. ಕೆಲಸ ಮುಗಿದ ಮೇಲೆ ಬ್ಯಾಕ್ಟೀರಿಯಾ ತಾನಾಗಿ ಸಾಯುವಂಥ ಜೀನ್‌ಗಳನ್ನು ಜೋಡಿಸುವ ಉಪಾಯವೂ ಇದೆ, ಆದರೆ ಅಂಥ ಜೀನ್ ಕೆಟ್ಟುಹೋದ ಕೆಲವು ಬ್ಯಾಕ್ಟೀರಿಯಾಗಳು ತಪ್ಪಿಸಿಕೊಂಡು ಉಳಿಯುತ್ತವೆ.

ನಮ್ಮ ಅಪಾರ್ಟ್‌ಮೆಂಟಿನ ಎಸ್‌ಟಿಪಿ ನೀರನ್ನು ಹಾಕಿ ಆ ಮಣ್ಣನ್ನು ತೇವ ಮಾಡಬಹುದೇ?

ಬೇಡ. ಮನೆಮನೆಯ ಕೊಳಚೆ ಸೇರುವ ಸಂಸ್ಕರಣಾ ಘಟಕ ಎಂದರೆ ಬ್ಯಾಕ್ಟೀರಿಯಾಗಳ ಜೀನ್ ಸಂತೆ. ಆ್ಯಂಟಿಬಯಾಟಿಕ್ ತಡೆಯುವ ಜೀನ್‌ಗಳು ಅಲ್ಲಿ ಧಾರಾಳ. ಜೀನ್ ಕೊಡುಕೊಳ್ಳುವಿಕೆಯನ್ನು ಬೇಕೆಂದೇ ಹೆಚ್ಚಿಸಲು ಹೊರಟ ಮಣ್ಣಿಗೆ ಆ ನೀರು ಸಲ್ಲದು. ಕ್ಲೋರಿನ್ ಹೆಚ್ಚು ಹಾಕಿದ ನೀರಾದರೆ ಮಣ್ಣಿನ ಬ್ಯಾಕ್ಟೀರಿಯಾಗಳಿಗೇ ಪೆಟ್ಟು. ಚಾವಣಿಯಿಂದ ಹಿಡಿದಿಟ್ಟ ಮಳೆನೀರು ಎಲ್ಲಕ್ಕಿಂತ ಮೇಲು.

ಕಾನೂನು ಏನು ಹೇಳುತ್ತದೆ?

1986ರ ಪರಿಸರ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ 1989ರಲ್ಲಿ ಬಂದ ನಿಯಮಗಳಂತೆ, ತಳಿ ಮಾರ್ಪಡಿಸಿದ ಸೂಕ್ಷ್ಮಜೀವಿಯನ್ನು ಪರಿಸರಕ್ಕೆ ಬಿಡಲು ಕೇಂದ್ರದ ಜೆನೆಟಿಕ್ ಎಂಜಿನಿಯರಿಂಗ್ ಮೌಲ್ಯಮಾಪನ ಸಮಿತಿಯ ಒಪ್ಪಿಗೆ ಬೇಕು. ಪ್ರಯೋಗಾಲಯದೊಳಗಿನ ಕೆಲಸಕ್ಕೂ ಆಯಾ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿ ಇರಬೇಕು. ಕಲುಷಿತ ಜಾಗಗಳನ್ನು ಗುರುತಿಸುವ, ಶುದ್ಧಿಯ ಖರ್ಚನ್ನು ಮಾಲಿನ್ಯ ಮಾಡಿದವರಿಂದಲೇ ಭರಿಸುವ ನಿಯಮಗಳು 2025ರಲ್ಲಿ ಬಂದಿವೆ. ಬಹಳ ತಡವಾಗಿ ಬಂದರೂ ಬಂದದ್ದು ಸಮಾಧಾನ.

ಅಂಗಡಿಯಲ್ಲಿ "ಮಣ್ಣು ಶುದ್ಧಿ ಮಾಡುವ ಬ್ಯಾಕ್ಟೀರಿಯಾ" ಎಂದು ಬಾಟಲಿ ಮಾರುತ್ತಾರೆ. ಕೊಳ್ಳಬಹುದೇ?

ಯಾವ ಬ್ಯಾಕ್ಟೀರಿಯಾ, ಯಾವ ಮಾಲಿನ್ಯಕ್ಕೆ, ಯಾವ ತೇವದಲ್ಲಿ ಎಂದು ಚೀಟಿಯಲ್ಲಿ ಬರೆದಿಲ್ಲದಿದ್ದರೆ ಕೊಳ್ಳಬೇಡಿ.

ನಾವು ಕೊಂಡ ಸೈಟಿನಲ್ಲಿ ಹಿಂದೆ ಪ್ಲೇಟಿಂಗ್ ಶೆಡ್ ಇತ್ತು. ಈಗ ಏನು ಮಾಡಬೇಕು?

ಇಂಥ ಫೋನ್ ಬಂದಾಗ ನನ್ನ ಮನಸ್ಸು ಭಾರವಾಗುತ್ತದೆ. ಜೀವಮಾನದ ಉಳಿತಾಯ ಹಾಕಿ ಕೊಂಡವರು ಕೇಳುತ್ತಿರುತ್ತಾರೆ. ಒಬ್ಬ ತಾಯಿ ಆ ಜಾಗದಲ್ಲಿ ಆಗಲೇ ದಂಟು, ಪಾಲಕ್ ಬೆಳೆದು ಮಕ್ಕಳಿಗೆ ಬಡಿಸಿದ್ದರು. ಮಾರಿದವರು ಶೆಡ್ಡಿನ ವಿಷಯವನ್ನೇ ಹೇಳಿರಲಿಲ್ಲ.

ಮೊದಲು ಅಲ್ಲಿ ಸೊಪ್ಪು ತರಕಾರಿ ಬೆಳೆಯುವುದನ್ನು ನಿಲ್ಲಿಸಿ. ಧೂಳು ಏಳದಂತೆ ತೇವ ಇಡಿ, ಮಕ್ಕಳು ಆಡದಂತೆ ನೋಡಿಕೊಳ್ಳಿ. ಮಣ್ಣನ್ನು ಎನ್‌ಎಬಿಎಲ್ (ಪ್ರಯೋಗಾಲಯಗಳ ಗುಣಮಟ್ಟ ನೋಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ರೈತರಿಗೆ ಕೊಡುವ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳಿರುತ್ತವೆ, ಅವುಗಳಲ್ಲಿ ಕ್ರೋಮಿಯಂ, ಸೀಸ ಇಲ್ಲ. ಆ ಚೀಟಿ ಚೆನ್ನಾಗಿದೆ ಎಂದು ನೆಮ್ಮದಿಯಾಗಿರಬೇಡಿ. ಒಟ್ಟು ಕ್ರೋಮಿಯಂ ಮತ್ತು ಹೆಕ್ಸಾವೇಲೆಂಟ್ ಕ್ರೋಮಿಯಂ ಎರಡನ್ನೂ ಬೇರೆ ಬೇರೆಯಾಗಿ ಅಳೆಯಲು ಹೇಳಿ. ಕೊಳವೆಬಾವಿ ಇದ್ದರೆ ನೀರನ್ನೂ ಪರೀಕ್ಷೆಗೆ ಕೊಡಿ. ವರದಿ ಕೆಟ್ಟದಾಗಿ ಬಂದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಲಿಖಿತ ದೂರು ಕೊಡಿ. ಮಣ್ಣನ್ನು ಅಗೆದು ರಾತ್ರೋರಾತ್ರಿ ಕೆರೆಯಂಗಳಕ್ಕೆ ಸುರಿಯಬೇಡಿ, ದಯವಿಟ್ಟು. ಅದು ನಿಮ್ಮ ಮನೆಯ ಕಷ್ಟವನ್ನು ಇನ್ನೊಬ್ಬರ ಮನೆಗೆ ಕಳುಹಿಸಿದಂತೆ.

ಗ್ಯಾರೇಜಿನ ಎಣ್ಣೆ, ಡೀಸೆಲ್ ಸೋರಿದ ಜಾಗವಾದರೆ ಚಿತ್ರ ಬೇರೆ. ತಜ್ಞರ ಮೇಲ್ವಿಚಾರಣೆಯಲ್ಲಿ ಮಣ್ಣನ್ನು ಸಡಿಲಿಸಿ, ನೀರು ಹಿಡಿಯುವ ಶಕ್ತಿಯ ಅರ್ಧದಿಂದ ಮುಕ್ಕಾಲಿನಷ್ಟು ತೇವ ಇಟ್ಟು, ಗಾಳಿಯಾಡುವಂತೆ ಆಗಾಗ ಮಗುಚಿ, ಇಂಗಾಲ, ಸಾರಜನಕ, ರಂಜಕ 100:10:1ರ ಆಸುಪಾಸಿಗೆ ಬರುವಂತೆ ಗೊಬ್ಬರ ಬೆರೆಸಿದರೆ ಅಲ್ಲಿಯ ಬ್ಯಾಕ್ಟೀರಿಯಾಗಳೇ ಬಹಳಷ್ಟು ಕೆಲಸ ಮಾಡುತ್ತವೆ. ಎಷ್ಟೋ ಕಡೆ ಬೇಕಾದ ಜೀನ್ ಅಲ್ಲಿಯೇ ಇರುತ್ತದೆ. ಲಾವಂಚದಂಥ ಆಳಬೇರಿನ ಹುಲ್ಲು ನೆಟ್ಟರೆ ಬೇರಿನ ಸುತ್ತ ಬ್ಯಾಕ್ಟೀರಿಯಾಗಳ ಒಡನಾಟ ಹೆಚ್ಚುತ್ತದೆ. ಆ ಹುಲ್ಲನ್ನು ದನಕ್ಕೆ ಹಾಕಬಾರದು.

ಎಷ್ಟು ದಿನ ಬೇಕು?

ಡೀಸೆಲ್‌ನಂಥ ಹಗುರ ಎಣ್ಣೆಗೆ ತಿಂಗಳುಗಳು. ಡಾಂಬರಿನಂಥ ಭಾರದವಕ್ಕೆ, ಹಳೆಯ ಕೀಟನಾಶಕಕ್ಕೆ ವರ್ಷಗಳು. ನಮ್ಮಲ್ಲಿ ಬೇಸಿಗೆಯ ಮೂರು ತಿಂಗಳು ನೀರು ಕೊಡದೆ ಬಿಟ್ಟರೆ ಅಷ್ಟೂ ದಿನವನ್ನು ಲೆಕ್ಕದಿಂದ ಕಳೆಯಿರಿ.

ನಾನು ಪಿಯುಸಿ ವಿದ್ಯಾರ್ಥಿನಿ. ಮನೆಯಲ್ಲಿ ಇದನ್ನು ಸ್ವಲ್ಪವಾದರೂ ಕಾಣುವ ದಾರಿ ಇದೆಯೇ?

ಜೀನ್ ದಾಟುವುದನ್ನು ಮನೆಯಲ್ಲಿ ನೋಡಲಾಗದು, ಪ್ರಯತ್ನಿಸಲೂ ಬಾರದು. ಆದರೆ ಒಣ ಮಣ್ಣು ಎಚ್ಚರಗೊಳ್ಳುವುದನ್ನು ನೋಡಬಹುದು. ಕೈತೋಟದ ಒಳ್ಳೆಯ ಮಣ್ಣನ್ನು ತೆಗೆದುಕೋ, ಮಲಿನವಾದದ್ದು ಬೇಡ. ವಾರ ಬಿಸಿಲಿನಲ್ಲಿ ಒಣಗಿಸಿ ಮೂರು ಅಗಲ ಬಾಯಿಯ ಗಾಜಿನ ಸೀಸೆಗಳಿಗೆ ಸಮನಾಗಿ ಹಾಕು. ಮೊದಲನೆಯದಕ್ಕೆ ನೀರು ಬೇಡ. ಎರಡನೆಯದಕ್ಕೆ ಉಂಡೆ ಕಟ್ಟುವ ಹದಕ್ಕೆ ನೀರು ಚಿಮುಕಿಸು. ಮೂರನೆಯದರಲ್ಲಿ ಮಣ್ಣು ಮುಳುಗುವಷ್ಟು ಹಾಕು. ಎಲೆ ಅಡಿಕೆಯ ಸುಣ್ಣವನ್ನು ನೀರಿನಲ್ಲಿ ಕದಡಿ, ರಾತ್ರಿಯಿಡೀ ತಿಳಿಯಾಗಲು ಬಿಟ್ಟು, ಮೇಲಿನ ತಿಳಿನೀರನ್ನು ಕಣ್ಣಿಗೆ ತಾಗದಂತೆ ಮೂರು ಪುಟ್ಟ ಬಟ್ಟಲುಗಳಿಗೆ ಸುರಿದು ಸೀಸೆಗಳೊಳಗೆ ಇಟ್ಟು ಮುಚ್ಚಳ ಬಿಗಿ ಮಾಡು. ಮಣ್ಣು ಉಸಿರಾಡಿದರೆ ಸುಣ್ಣದ ತಿಳಿ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಯಾವುದರಲ್ಲಿ ಮೊದಲು, ಯಾವುದರಲ್ಲಿ ಕೊನೆಗೆ ಎಂದು ಗಂಟೆಗೊಮ್ಮೆ ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೋ. ಮುಚ್ಚಳ ತೆಗೆದಾಗ ಮೂರನ್ನೂ ಒಮ್ಮೆ ಮೂಸಿ ನೋಡಿ, ಅದನ್ನೂ ಬರೆ.